ಅವಳ ಕಾರು, ನನ್ನ ಪಿಟೀಲು

ಕಣ್ಣಿನ ಡಾಕ್ಟರು ಹೇಳುವುದನ್ನೆಲ್ಲ ಹೇಳಿ ಮುಗಿಸಿ, ಚೀಟಿ ಬರೆಯುತ್ತ, ಸುಮ್ಮನೆ ಮಾತಿಗೆಂಬಂತೆ ಕೇಳಿದರು. "ಬಣಕಲ್‌ನಿಂದ ಹೇಗೆ ಬಂದ್ರಿ? ಬಸ್ಸಾ?"

"ಇಲ್ಲ, ಕಾರಲ್ಲಿ," ಎಂದಳು ನನ್ನ ಹೆಂಡತಿ.

"ಓಡ್ಸಿದ್ದು ಯಾರು?"

"ನಾನೇ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಮ್ಮ ಮಗಳ ವಯಸ್ಸಿನವರು. ಅವಳ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. "ಅಮ್ಮಾ, ನೇರಕ್ಕೆ ಇರೋದು ನಿಮಗೆ ಚೆನ್ನಾಗಿ ಕಾಣತ್ತೆ. ಸೂಜಿಗೆ ದಾರ ಬೇಕಾದ್ರೂ ಪೋಣಿಸ್ತೀರಿ. ಆದ್ರೆ ಪಕ್ಕದಿಂದ ಬರೋದು ಕಾಣಲ್ಲ. ಎಡಗಡೆಯಂತೂ ಹೋಗೇಬಿಟ್ಟಿದೆ. ಹೋಗಿದ್ದು ವಾಪಸ್ ಬರಲ್ಲ, ಉಳಿದಿದ್ದನ್ನ ಉಳಿಸ್ಕೋಬೇಕು ಅಷ್ಟೇ. ಇವತ್ತಿಂದ ಸ್ಟೀರಿಂಗ್ ಮುಟ್ಬೇಡಿ."

ಅವಳು ತಲೆಯಾಡಿಸಿದಳು. ನಲವತ್ತು ವರ್ಷದ ಹತ್ತಿರ ನರ್ಸ್ ಆಗಿದ್ದವಳು, ಡಾಕ್ಟರ ಮಾತಿಗೆ ಎದುರಾಡಿ ಅಭ್ಯಾಸವಿಲ್ಲ. ಆದರೆ ಅದಕ್ಕೂ ಮುಂಚೆ ಯಂತ್ರದೊಳಗೆ ಮುಖ ಇಟ್ಟು ಕೂತಿದ್ದಾಗಲೇ ನನಗೆ ಅರ್ಥವಾಗಿತ್ತು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಕೈಯಲ್ಲಿದ್ದ ಗುಂಡಿ ಒತ್ತಬೇಕಿತ್ತು. ಹಿಂದೆ ಸ್ಟೂಲಿನ ಮೇಲೆ ಕೂತ ನನಗೆ ಚುಕ್ಕಿ ಕಾಣುತ್ತಿರಲಿಲ್ಲ, ಗುಂಡಿಯ ಟಿಕ್ ಸದ್ದು ಮಾತ್ರ ಕೇಳುತ್ತಿತ್ತು. ಒಂದು ಟಿಕ್ಕಿಗೂ ಇನ್ನೊಂದು ಟಿಕ್ಕಿಗೂ ನಡುವೆ ಎಷ್ಟೋ ಹೊತ್ತು ಸದ್ದೇ ಇರುತ್ತಿರಲಿಲ್ಲ.

ಹೊರಗೆ ಬಂದು ಕಾರಿನ ಹತ್ತಿರ ನಿಂತೆವು. ಅವಳು ರೂಢಿಯಂತೆ ಬಲಗಡೆಯ ಬಾಗಿಲಿಗೆ ಹೋದಳು. ಅಲ್ಲೇ ನಿಂತು, ವ್ಯಾನಿಟಿ ಬ್ಯಾಗಿನಿಂದ ಕೀಲಿ ತೆಗೆದು, ಕಾರಿನ ಮೇಲಿಂದ ನನ್ನ ಕಡೆಗೆ ಚಾಚಿದಳು.

"ತಗೊಳ್ಳಿ."

"ನಾನಾ?"

"ಮತ್ತೆ ಯಾರು? ಲೈಸೆನ್ಸ್ ಇದೆಯಲ್ಲ."

ಲೈಸೆನ್ಸ್ ಇತ್ತು. ನಾನು ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು. ರೈಟರ್ ಎಂದರೆ ನಮ್ಮ ಕಡೆ ಕತೆ ಬರೆಯುವವನಲ್ಲ, ಆಳುಗಳ ಹಾಜರಿ, ಗಿಡಕ್ಕೆ ಹಾಕಿದ ಗೊಬ್ಬರ, ಬಿದ್ದ ಮಳೆಯ ಇಂಚು ಇವನ್ನು ಬರೆದಿಡುವವನು. ತೋಟದೊಳಗೆ ಹಳೆಯ ಜೀಪು ಓಡಿಸುತ್ತಿದ್ದೆ. ಅದರ ಗೇರು ಹಾಕಲು ಭುಜದ ಬಲ ಬೇಕಿತ್ತು, ಬ್ರೇಕು ಒತ್ತಲು ಎದ್ದು ನಿಲ್ಲಬೇಕಿತ್ತು. ಎದುರಿಗೆ ಬರುವುದು ಹೆಚ್ಚೆಂದರೆ ಒಂದು ದನ. ಅದು ಬಿಟ್ಟರೆ ನನಗೆ ಸ್ಕೂಟರೇ. ಹೆಂಡತಿಯ ಕಾರಿನಲ್ಲಿ ಹದಿನಾಲ್ಕು ವರ್ಷ ನಾನು ಕೂತದ್ದು ಎಡಗಡೆಯ ಸೀಟಿನಲ್ಲಿ, ಮಡಿಲಲ್ಲಿ ತರಕಾರಿ ಚೀಲ ಇಟ್ಟುಕೊಂಡು.

ಆ ಕಾರು ಅವಳದೇ. ಬೆಳ್ಳಗಿನ ಪುಟ್ಟ ಕಾರು. ಕೊಟ್ಟಿಗೆಹಾರದಿಂದ ಕಳಸದ ದಾರಿಯಲ್ಲಿರುವ ಹಳ್ಳಿಗಳಿಗೆ ಅವಳು ಸಿಸ್ಟರ್. ಅಲ್ಲಿನವರ ಬಾಯಲ್ಲಿ ಸಿಸ್ಟರಮ್ಮ. ಮೊದಲೆಲ್ಲ ಬಸ್ಸಿನಲ್ಲಿ ಹೋಗಿ, ಇಳಿದು, ಮೈಲಿಗಟ್ಟಲೆ ನಡೆಯುತ್ತಿದ್ದಳು. ನಲವತ್ತೇಳನೇ ವಯಸ್ಸಿನಲ್ಲಿ ಮೂಡಿಗೆರೆಯ ಡ್ರೈವಿಂಗ್ ಸ್ಕೂಲಿಗೆ ಸೇರಿ ಕಲಿತು, ಆ ಕಾರು ತಗೊಂಡಳು. ಆಮೇಲೆ ಲಸಿಕೆಯ ಡಬ್ಬ, ಬಸುರಿಯರು, ಬಾಣಂತಿಯರು, ತೊಟ್ಟಿಲ ಮಕ್ಕಳು ಎಲ್ಲ ಆ ಕಾರಿನಲ್ಲೇ ಓಡಾಡಿದ್ದು. ಹಿಂದಿನ ಸೀಟಿನಲ್ಲೇ ಎರಡು ಹೆರಿಗೆ ಆಗಿದೆ. ನಿವೃತ್ತಿಯಾಗಿ ವರ್ಷ ಕಳೆದರೂ ಫೋನು ಬಂದರೆ ಹೊರಟೇಬಿಡುತ್ತಿದ್ದಳು.

ಹಿಂದಿನ ಮಳೆಗಾಲದಲ್ಲಿ ಕಾರಿನ ಎಡಮೈ ಮೇಲೆ ಉದ್ದಕ್ಕೆ ಒಂದು ಗೀರು ಕಂಡಿತು. ಬಸ್ ಸ್ಟ್ಯಾಂಡಿನಲ್ಲಿ ಯಾರೋ ತಗುಲಿಸಿಕೊಂಡು ಹೋದರು ಎಂದಳು. ಇನ್ನೊಂದು ದಿನ ಎಡಗನ್ನಡಿ ಮುರಿದಿತ್ತು. ಆಮೇಲೆ ಮನೆಯಲ್ಲಿ, ಎಡಗೈ ಪಕ್ಕದಲ್ಲೇ ಇಟ್ಟ ಕಾಫಿ ಲೋಟ ಮೂರು ಸಲ ಉರುಳಿತು. ಮೂರನೆಯ ಸಲ ನಾನು ಅವಳ ಎಡಗಿವಿಯ ಹತ್ತಿರ ಕೈ ಆಡಿಸಿದೆ. ಅವಳಿಗೆ ಗೊತ್ತೇ ಆಗಲಿಲ್ಲ. ಮಾರನೆಯ ದಿನವೇ ಚಿಕ್ಕಮಗಳೂರಿಗೆ ಹೊರಟೆವು. ಆಗಲೂ ಓಡಿಸಿದ್ದು ಅವಳೇ, ಎಡಗಡೆ ನೋಡಿ ಹೇಳುತ್ತಿದ್ದದ್ದು ನಾನು. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ಆವತ್ತು ವಾಪಸ್ ಬರುವಾಗ ಆಸ್ಪತ್ರೆಯ ಗೇಟಿನಲ್ಲೇ ಎರಡು ಸಲ ಇಂಜಿನ್ ಬಂದ್ ಮಾಡಿದೆ. ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗಬೇಕಿತ್ತು. ಇಂಡಿಕೇಟರ್ ಎಂದು ಒತ್ತಿದ್ದು ವೈಪರ್. ಸುಡುಬಿಸಿಲಿನಲ್ಲಿ ಒಣಗಾಜಿನ ಮೇಲೆ ಅದು ಕಿರ್ರೋ ಎಂದು ಆಡಲಾರಂಭಿಸಿತು. ನಿಲ್ಲಿಸುವುದು ಗೊತ್ತಾಗದೆ ಇನ್ನೊಂದು ಕಡ್ಡಿ ಎಳೆದೆ, ಸೋಪಿನ ನೀರು ಚಿಮ್ಮಿತು. ಹಿಂದಿನ ಆಟೋದವನು ಹಾರ್ನ್ ಹೊಡೆದ. ಪೊಲೀಸಿನವರು ನಗುತ್ತ ಕೈಸನ್ನೆ ಮಾಡಿ ದಾಟಿಸಿದರು.

ಕಣ್ಣಿಗೆ ಹಾಕಿದ ಔಷಧಿಯಿಂದ ಅವಳಿಗೆ ಎಲ್ಲ ಮಂಜಾಗಿತ್ತು. ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು. "ಇಂಜಿನ್ ಅಳ್ತಾ ಇದೆ ಕೇಳಿ. ಮೂರಕ್ಕೆ ಹಾಕಿ. ಕ್ಲಚ್ ಪೂರ್ತಿ ಒತ್ತಿ. ನಿಧಾನ ಬಿಡಿ... ನಿಧಾನ ಮಾರಾಯ್ರೆ, ಅದು ಜೀಪಲ್ಲ."

ಒಂದೂವರೆ ಗಂಟೆಯ ದಾರಿಗೆ ಮೂರು ಗಂಟೆ ಹಿಡಿಯಿತು. ಮನೆ ಮುಂದೆ ನಿಲ್ಲಿಸಿ ಇಳಿದಾಗ ನನ್ನ ಅಂಗಿಯಷ್ಟೂ ಬೆನ್ನಿಗೆ ಅಂಟಿಕೊಂಡಿತ್ತು. ಅವಳು ಸೀದಾ ಒಳಗೆ ಹೋಗಿ ಅಕ್ಕಿ ತೊಳೆಯಲು ಕೂತಳು.

ಅಕ್ಟೋಬರಿನಲ್ಲಿ ಕಾಫಿ ಕುಯ್ಲು ಇನ್ನೂ ಶುರುವಾಗಿರಲಿಲ್ಲ. ತೋಟದ ಮಾಲೀಕರನ್ನು ಕೇಳಿಕೊಂಡು, ಕಾಫಿ ಒಣಗಿಸುವ ಕಣದಲ್ಲಿ ದಿನಾ ಸಂಜೆ ಅಭ್ಯಾಸಕ್ಕೆ ಹೋಗತೊಡಗಿದೆವು. ದೊಡ್ಡ ಸಿಮೆಂಟಿನ ಕಣ, ಕುಯ್ಲಿಗೆ ಮುಂಚೆ ಖಾಲಿ. ಮೇಸ್ತ್ರಿ ನಾಲ್ಕು ಕಡೆ ಕಲ್ಲಿಟ್ಟು, "ರೈಟ್ರೇ, ಇದ್ರ ಮಧ್ಯ ರಿವರ್ಸ್ ತಗೊಂಡ್ರೆ ನೀವು ಪಾಸು," ಎಂದು ಕಟ್ಟೆಯ ಮೇಲೆ ಬೀಡಿ ಹಚ್ಚಿ ಕೂರುತ್ತಿದ್ದ. ಮೂವತ್ತು ವರ್ಷ ನಾನು ಅವನ ಹಾಜರಿ ಹಾಕಿದ್ದೆ, ಈಗ ಅವನ ಸರದಿ.

ನನ್ನ ಹೆಂಡತಿ ಕಲಿಸುವುದರಲ್ಲಿ ಬಿಗಿ. ಎಷ್ಟು ಜನ ಹೊಸ ನರ್ಸುಗಳು ಅವಳ ಕೈಕೆಳಗೆ ಅತ್ತಿದ್ದರೋ ಆಗ ನನಗೆ ಅಂದಾಜಾಯಿತು. ಗೇರು ಸದ್ದು ಮಾಡಿದರೆ ಅವಳಿಗೇ ಯಾರೋ ಚಿವುಟಿದ ಹಾಗೆ ಮುಖ ಕಿವುಚುತ್ತಿದ್ದಳು. ಒಂದು ದಿನ ನಾನೂ ರೇಗಿದೆ. "ಹಾಗಾದ್ರೆ ನೀನೇ ಓಡ್ಸು," ಎಂದುಬಿಟ್ಟೆ. ಆಡಿದ ಮೇಲೆ ನಾಲಗೆ ಕಚ್ಚಿಕೊಂಡೆ. ಅವಳು ಕಿಟಕಿಯ ಕಡೆ ತಿರುಗಿದಳು. ಕಟ್ಟೆಯ ಮೇಲಿದ್ದ ಮೇಸ್ತ್ರಿ ಎದ್ದು, ಏನೋ ಕೆಲಸ ನೆನಪಾದವನಂತೆ ಗೋದಾಮಿನ ಹಿಂದೆ ಹೋದ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು. "ನಿಮ್ಮ ಮೊಣಕಾಲು ಯಾಕೆ ಸ್ಟೀರಿಂಗಿಗೆ ತಾಗ್ತಿದೆ?"

"ತಾಗ್ತಿಲ್ಲ."

"ತಾಗ್ತಿದೆ. ಅದಕ್ಕೇ ಕ್ಲಚ್ ನಿಮಗೆ ಸರಿಯಾಗಿ ಸಿಕ್ತಿಲ್ಲ. ಸೀಟು ಹಿಂದೆ ತಳ್ಳಿಲ್ವಾ ನೀವು?"

ತಳ್ಳಿರಲಿಲ್ಲ. ಅವಳು ಐದಡಿ, ನಾನು ಆರಡಿಗೆ ಒಂದಿಂಚು ಕಮ್ಮಿ. ಹತ್ತು ದಿನದಿಂದ ಮೊಣಕಾಲು ಮಡಚಿಕೊಂಡು, ಕನ್ನಡಿಯಲ್ಲಿ ಹಿಂದಿನ ರಸ್ತೆಯ ಬದಲು ಹಿಂದಿನ ಸೀಟು ನೋಡಿಕೊಂಡು ಓಡಿಸುತ್ತಿದ್ದೆ. ಸೀಟಿನ ಕೆಳಗಿನ ಕಂಬಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಕೈ ಹೋಗಿರಲಿಲ್ಲ ಅಷ್ಟೇ. ಸೀಟನ್ನು ಹಿಂದಕ್ಕೆ ತಳ್ಳಿದರೆ ಅಲ್ಲಿಗೆ ಅದು ಅವಳ ಜಾಗ ಅಲ್ಲ ಎಂದಾಗುತ್ತದೆ ಎಂದು ಏನೋ ಒಂದು ಅಳುಕು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು.

"ತಳ್ಳಿ," ಎಂದಳು.

ಬಗ್ಗಿ ಕಂಬಿ ಎತ್ತಿದೆ. ಸೀಟು ಕಟಕಟನೆ ಹಿಂದೆ ಸರಿಯಿತು. ಕನ್ನಡಿಯನ್ನು ಅವಳೇ ಕೈ ಚಾಚಿ ನನ್ನ ಎತ್ತರಕ್ಕೆ ತಿರುಗಿಸಿದಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಡಾಕ್ಟರ ಮುಂದೆ ಅಳದವಳು, ಮಗಳು ಹಾಸನದಿಂದ ಫೋನು ಮಾಡಿ ಅತ್ತಾಗಲೂ ಅಳದವಳು, ಖಾಲಿ ಕಣದ ನಡುವೆ ಅತ್ತಳು. ನಾನು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದೆ. ಬೆನ್ನು ಸವರಬೇಕೆನ್ನುವುದು ತೋಚಿದ್ದು ಎಷ್ಟೋ ಹೊತ್ತಿನ ಮೇಲೆ.

ಆಮೇಲೆ ಮೂಗು ಒರೆಸಿಕೊಂಡು, "ಈಗ ರಿವರ್ಸ್ ಹಾಕಿ. ಮುಂದಿನದು ನಾನು ನೋಡ್ತೀನಿ, ಪಕ್ಕದ್ದು ನೀವು ನೋಡ್ಕೊಳ್ಳಿ," ಎಂದಳು. ನಮ್ಮ ಒಪ್ಪಂದ ಅಲ್ಲಿಂದ ಹಾಗೇ ನಡೆದುಬಂದಿದೆ.

ಸೀಟು ಸರಿಹೋದ ಮೇಲೆ ಓಡಿಸುವುದು ಬೇಗ ಬಂತು. ಡಿಸೆಂಬರಿನ ಹೊತ್ತಿಗೆ ಮೂಡಿಗೆರೆ ಸಂತೆಗೆ, ಗೋಣಿಬೀಡಿನಲ್ಲಿರುವ ಅವಳ ಅಕ್ಕನ ಮನೆಗೆ ಧೈರ್ಯವಾಗಿ ಹೋಗಿಬರುತ್ತಿದ್ದೆ. ದಾರಿಯಲ್ಲಿ ಜನ ಕಾರು ಕಂಡ ಕೂಡಲೇ ಕೈ ಅಡ್ಡ ಹಾಕುತ್ತಿದ್ದರು. "ಸಿಸ್ಟರಮ್ಮಾ" ಎಂದು ಬಲಗಡೆಯ ಕಿಟಕಿಗೆ ಬಗ್ಗಿದವರು ನನ್ನ ಮೀಸೆ ನೋಡಿ ಹಿಂದೆ ಸರಿಯುತ್ತಿದ್ದರು. ಆಮೇಲೆ ಸುತ್ತಿಕೊಂಡು ಎಡಗಡೆಗೆ ಹೋಗಿ ಮಾತಾಡಿಸುತ್ತಿದ್ದರು. ಅತ್ತಿಂದ ಬಂದವರು ಅವಳಿಗೆ ಕಾಣುತ್ತಿರಲಿಲ್ಲ. ಧ್ವನಿ ಕೇಳಿ ಪೂರ್ತಿ ಮೈ ತಿರುಗಿಸಿ ನೋಡುತ್ತಿದ್ದಳು.

ಕಷ್ಟವಾದದ್ದು ಮಧ್ಯಾಹ್ನಗಳು. ಓಡಾಡಿದ ಜೀವ. ಓದಲು ಕೂತರೆ ಸಾಲಿನ ಕೊನೆ ಸಿಕ್ಕುತ್ತಿರಲಿಲ್ಲ. ಟೀವಿ ಬೇಜಾರು. ಹೊಸ್ತಿಲು ಎಡವಿ ಎಡವಿ ಕಾಲ್ಬೆರಳಿನ ಉಗುರು ಕಪ್ಪಾಗಿತ್ತು. ಹೊತ್ತು ಹೊತ್ತಿಗೆ ನಾನು ಕಣ್ಣಿಗೆ ಔಷಧಿಯ ಹನಿ ಬಿಡಬೇಕಿತ್ತು, ಅದೊಂದು ಅವಳಿಗೆ ಗಡಿಯಾರದ ಹಾಗೆ.

ಒಂದು ಮಧ್ಯಾಹ್ನ ಹನಿ ಹಾಕಿಸಿಕೊಂಡು, ಕಣ್ಣು ಮುಚ್ಚಿ ಮಂಚದ ಮೇಲೆ ಮಲಗಿದ್ದವಳು ಕೇಳಿದಳು. "ರೀ, ಆ ಪೆಟ್ಟಿಗೆ ಅಟ್ಟದ ಮೇಲೇ ಇದೆಯಾ?"

"ಯಾವ ಪೆಟ್ಟಿಗೆ?"

"ಪಿಟೀಲಿಂದು."

ಇತ್ತು. ಹೈಸ್ಕೂಲಿನಲ್ಲಿದ್ದಾಗ ಮೂಡಿಗೆರೆಯಲ್ಲಿ ಪೋಸ್ಟಾಫೀಸಿನಲ್ಲಿದ್ದ ಒಬ್ಬರು ನನಗೆ ಪಿಟೀಲು ಕಲಿಸಿದ್ದರು. ಬೆಳಿಗ್ಗೆ ಟಪಾಲು ಬರುವ ಮುಂಚೆ ಒಂದು ಗಂಟೆ ಪಾಠ. ಹತ್ತು ವರ್ಷ ಕಲಿತೆ. ಹರಿಕಥೆಗೆ, ಮದುವೆಮನೆಗೆ ಪಕ್ಕವಾದ್ಯಕ್ಕೆ ಕೂತೆ. ಅಂಥ ದೊಡ್ಡ ವಿದ್ವತ್ತೇನಲ್ಲ, ಆದರೆ ಕೂತರೆ ಯಾರೂ ಎಬ್ಬಿಸುತ್ತಿರಲಿಲ್ಲ. ಮದುವೆಯಾಗಿ ವರ್ಷದೊಳಗೆ ಅದು ನಿಂತುಹೋಯಿತು.

"ಇದೆ. ಯಾಕೆ?"

ಅವಳು ಕಣ್ಣು ತೆರೆಯಲಿಲ್ಲ. "ನಾನು ಹೇಳಿದ್ದಕ್ಕೇ ಅಲ್ವಾ ನೀವು ಬಿಟ್ಟಿದ್ದು?"

"ಎಂಥ ಹೇಳಿದ್ದೆ ನೀನು?"

"ನಿಮಗೆ ನೆನಪಿಲ್ವಾ?" ಎದ್ದು ಕೂತಳು. "ನಾನಾಗ ಮೂಡಿಗೆರೆ ಆಸ್ಪತ್ರೇಲಿದ್ದೆ. ಡ್ಯೂಟಿ ಮುಗಿಸಿ ಬೆಳಿಗ್ಗೆ ಬಂದು ಮಲಗಿದ್ದೆ. ನೀವು ಬಾರಿಸ್ತಿದ್ರಿ. ನಾನು ಬಾಗಿಲು ತೆಗೆದು, ನಿಮ್ಮ ಈ ಕುಂಯ್ ಕುಂಯ್ ನಿಲ್ಲಿಸ್ತೀರಾ, ತಲೆ ಸಿಡೀತಿದೆ ಅಂದೆ. ಆವತ್ತು ಒಂದು ಮಗು ಹೋಗಿತ್ತು ಕೈಯಲ್ಲಿ. ಅದನ್ನ ಹೇಳದೆ ನಿಮ್ಮ ಮೇಲೆ ಹಾರಿದೆ. ಅದಾದ ಮೇಲೆ ನೀವು ಪೆಟ್ಟಿಗೆ ತೆಗೆದಿದ್ದೇ ನಾನು ನೋಡಿಲ್ಲ. ಮೂವತ್ತೊಂದು ವರ್ಷ."

ನನಗೆ ನಿಜವಾಗಿಯೂ ಏನೂ ನೆನಪಿರಲಿಲ್ಲ. ನೆನಪಿದ್ದದ್ದು ಇಷ್ಟೇ: ಮಳೆಗಾಲದಲ್ಲಿ ಒಂದು ತಂತಿ ಕಡಿದುಹೋಯಿತು. ತಂತಿ ಸಿಕ್ಕುವುದು ಚಿಕ್ಕಮಗಳೂರಿನಲ್ಲಿ. ಹೋದಾಗ ತಂದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಮಗಳು ಹುಟ್ಟಿದಳು, ಕುಯ್ಲು ಬಂತು, ಮತ್ತೆ ಮಳೆ ಬಂತು. ತಂತಿ ಬರಲೇ ಇಲ್ಲ.

ಹಾಗೆಂದೇ ಹೇಳಿದೆ. ಅವಳು ನಂಬಲಿಲ್ಲ.

"ಒಂದು ತಂತಿಗೆ ಯಾರಾದ್ರೂ ಮೂವತ್ತೊಂದು ವರ್ಷ ಬಿಡ್ತಾರಾ?"

"ನಾನು ಬಿಟ್ಟೆನಲ್ಲ."

"ಸುಳ್ಳು ಹೇಳ್ಬೇಡಿ."

ಸುಳ್ಳಲ್ಲ ಎಂದೇ ಈಗಲೂ ನಾನು ತಿಳಿದಿದ್ದೇನೆ. ಆದರೆ ಆ ರಾತ್ರಿ ಊಟಕ್ಕೆ ಕೂತಾಗ ಯೋಚನೆ ಬಂತು. ಅವಳು ಆ ಮಾತಾಡಿದ್ದು ಮೊದಲೋ, ತಂತಿ ಕಡಿದದ್ದು ಮೊದಲೋ? ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಇಷ್ಟು ವರ್ಷ ಅವಳು ಅದನ್ನು ಹೊತ್ತುಕೊಂಡೇ ಬೆಟ್ಟ ಹತ್ತಿಳಿದಿದ್ದಳು, ಪಕ್ಕದಲ್ಲೇ ಚೀಲ ಹಿಡಿದು ಕೂತ ನನಗೆ ಸುಳಿವೇ ಇರಲಿಲ್ಲ. ಅದು ನನ್ನನ್ನು ಚುಚ್ಚಿತು. ಬೆಳಿಗ್ಗೆ ಏಣಿ ಹಾಕಿ ಅಟ್ಟ ಹತ್ತಿದೆ.

ಪೆಟ್ಟಿಗೆಯ ಬೀಗ ತುಕ್ಕು ಹಿಡಿದಿತ್ತು. ತೆಗೆದರೆ ಬೂಷ್ಟಿನ ವಾಸನೆ. ಪಿಟೀಲಿನ ಮೈ ಬೆಳ್ಳಗಾಗಿತ್ತು, ತಂತಿ ಹೊರುವ ಕುದುರೆ ಬಿದ್ದಿತ್ತು, ಒಂದು ಅಂಚಿನಲ್ಲಿ ಅಂಟು ಬಿಟ್ಟು ಬಾಯ್ದೆರೆದಿತ್ತು. ಕಮಾನಿನ ಕೂದಲನ್ನು ಹುಳ ತಿಂದು ಮುಗಿಸಿತ್ತು. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು, ಕೂಸಿಗೆ ಎಣ್ಣೆ ಒರೆಸುವ ಹಾಗೆ ಮೆತ್ತನೆ ಬಟ್ಟೆಯಲ್ಲಿ ಒರೆಸಿದಳು. ನೇರಕ್ಕೆ ಹಿಡಿದರೆ ಅವಳಿಗೆ ಸಣ್ಣ ಗೀರೂ ಕಾಣುತ್ತಿತ್ತು.

ಜನವರಿ ಮೊದಲಲ್ಲಿ ಕಣ್ಣಿನ ತಪಾಸಣೆಗೆ ಹೋದಾಗ ಪಿಟೀಲು ಹಿಂದಿನ ಸೀಟಿನಲ್ಲಿತ್ತು. ಚಿಕ್ಕಮಗಳೂರಿನ ಮಾರ್ಕೆಟ್ಟಿನ ಹಿಂದೆ, ಹಾರ್ಮೋನಿಯಂ, ತಬಲಾ ಜೊತೆಗೆ ಹೊಲಿಗೆ ಯಂತ್ರವನ್ನೂ ರಿಪೇರಿ ಮಾಡುವ ಒಬ್ಬರ ಅಂಗಡಿ. ವಸ್ತಾರೆ ಕಡೆಯವರು, ಮಾತು ಕಮ್ಮಿ. ಪಿಟೀಲನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಒಳಗೆ ಏನೋ ಗಡಗಡ ಎಂದಿತು.

"ಒಳಗಿನ ಕಡ್ಡಿ ಬಿದ್ದಿದೆ," ಎಂದರು. ತಲೆಕೆಳಗು ಮಾಡಿ ಕೊಡವಿದರು. ಕಡ್ಡಿಯ ಜೊತೆಗೆ ಎರಡು ಪುಟ್ಟ ಬಿಳಿ ಚಿಪ್ಪು ಅಂಗೈಗೆ ಬಿದ್ದವು. "ಹಲ್ಲಿ ಮೊಟ್ಟೆ. ಮರಿ ಮಾಡ್ಕೊಂಡು ಹೋಗಿದೆ."

"ಅಲ್ಲೂ ಹೆರಿಗೆ ಆಗಿದೆ ನೋಡಿ," ಎಂದಳು ನನ್ನ ಹೆಂಡತಿ. ಮಾತು ಕಮ್ಮಿಯವರೂ ಜೋರಾಗಿ ನಕ್ಕರು. ಆ ದಿನ ಡಾಕ್ಟರು ಕಣ್ಣಿನ ಒತ್ತಡ ಇಳಿಸಲು ಎಡಗಣ್ಣಿಗೆ ಆಪರೇಷನ್ ಆಗಬೇಕೆಂದು ಹೇಳಿದ್ದರು. ಬೆಳಿಗ್ಗೆಯಿಂದ ಅವಳು ನಕ್ಕದ್ದು ಅದೇ ಮೊದಲು.

ಮೂರು ವಾರದ ಮೇಲೆ ಪಿಟೀಲು ಹೊಸ ತಂತಿ, ಹೊಸ ಕಮಾನಿನ ಜೊತೆ ಕೈಗೆ ಬಂತು. ಮನೆಯಲ್ಲಿ ಚಾಪೆ ಹಾಸಿ, ಕಾಲು ಮಡಚಿ ಕೂರಲು ಹೋದೆ. ಮೊಣಕಾಲು ಮಡಚಲಿಲ್ಲ. ದಿವಾನದ ಮೇಲೆ ಕೂತೆ. ಬಿರಡೆ ತಿರುಗಿಸಿ ಶ್ರುತಿ ಮಾಡಲು ಅರ್ಧ ಗಂಟೆ. ಕಮಾನು ಎಳೆದೆ. ಎದುರುಮನೆಯ ನಾಯಿ ಎದ್ದು ನಿಂತು ಬೊಗಳಿತು.

ಕಿವಿಗೆ ಎಲ್ಲ ಗೊತ್ತಿತ್ತು, ಕೈಗೆ ಏನೂ ಗೊತ್ತಿರಲಿಲ್ಲ. ಇಲ್ಲಿ ಗಾಂಧಾರ ಬರಬೇಕು ಎಂದು ತಿಳಿದಿದ್ದರೂ ಬೆರಳು ಒಂದು ಕೂದಲೆಳೆ ಆಚೆ ಬೀಳುತ್ತಿತ್ತು. ಕಿರುಬೆರಳು ಏಳುತ್ತಲೇ ಇರಲಿಲ್ಲ. ಎರಡೇ ದಿನದಲ್ಲಿ ಬೆರಳ ತುದಿ ಹುಣ್ಣಾಯಿತು. ಒಂದು ಕಾಲಕ್ಕೆ ಮದುವೆಮನೆಯಲ್ಲಿ ಕಲ್ಯಾಣಿ ರಾಗ ನುಡಿಸಿದವನು ಅರವತ್ಮೂರನೇ ವಯಸ್ಸಿನಲ್ಲಿ ಸರಳೆ ವರಸೆಗೆ ಬಂದು ಕೂತಿದ್ದೆ. ನಾಚಿಕೆಯಾಗಿ ಕಿಟಕಿ ಮುಚ್ಚುತ್ತಿದ್ದೆ. ಅವಳು ಎದ್ದು ಹೋಗಿ ತೆಗೆಯುತ್ತಿದ್ದಳು.

"ಸೆಕೆ ಆಗತ್ತೆ," ಎನ್ನುತ್ತಿದ್ದಳು. ಜನವರಿಯ ಚಳಿಯಲ್ಲಿ.

ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ಎಡಗಣ್ಣಿಗೆ ಪ್ಲಾಸ್ಟಿಕ್ಕಿನ ಮುಚ್ಚಳ ಕಟ್ಟಿ ಕಳಿಸಿದರು. ಬಗ್ಗಬಾರದು, ಭಾರ ಎತ್ತಬಾರದು, ಒಲೆ ಮುಂದೆ ನಿಲ್ಲಬಾರದು. ಅಡುಗೆ ನಾನೇ ಮಾಡಿದೆ. ಅವಳು ಮಾಡಿದ ಸಾರಿನ ಹಾಗೆ ಒಂದು ದಿನವೂ ಬರಲಿಲ್ಲ, ಒಂದು ದಿನವೂ ಅವಳು ಹಾಗೆ ಹೇಳಲಿಲ್ಲ. ಮಧ್ಯಾಹ್ನ ಎರಡು ಗಂಟೆ ನುಡಿಸುತ್ತಿದ್ದೆ. ಒಂದು ದಿನ ಅವಳಿಗೆ ಇಷ್ಟವಾಗಲೆಂದು ಕಷ್ಟಪಟ್ಟು ಮೋಹನ ರಾಗ ಹಿಡಿದಿದ್ದೆ.

"ಇದಲ್ಲ. ಆಗ ನುಡಿಸ್ತಿದ್ರಲ್ಲ, ಅದು ನುಡಿಸಿ," ಎಂದಳು.

"ಯಾವ್ದು?"

ಅವಳು ಹಾಡುವವಳಲ್ಲ. ಸ್ವಲ್ಪ ಹಿಂಜರಿದು, ಗಂಟಲು ಸರಿಮಾಡಿಕೊಂಡು ಗುನುಗಿದಳು. ಒಂದೊಂದು ಸ್ವರ ಎರಡೆರಡು ಸಲ, ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಗಿ ಕೆಳಗೆ ಬಂತು. ಜಂಟಿ ವರಸೆ. ಮಕ್ಕಳಿಗೆ ಹೇಳಿಕೊಡುವ ಪಾಠ. ಕೈ ಸಡಿಲವಾಗಲೆಂದು ನಾನು ದಿನಾ ಮೊದಲು ನುಡಿಸುತ್ತಿದ್ದದ್ದು.

"ಅದು ಹಾಡಲ್ಲ ಮಾರಾಯ್ತಿ, ಅಭ್ಯಾಸ."

"ಏನೋ ಒಂದು. ಡ್ಯೂಟಿ ಮುಗಿಸಿ ಬಂದು ಮಲಗಿದಾಗ ದಿನಾ ಅದು ಕೇಳ್ತಿತ್ತು. ಅದು ಕೇಳ್ತಾ ನಿದ್ದೆ ಬರ್ತಿತ್ತು. ಆವತ್ತೊಂದು ದಿನ ಮಾತ್ರ..." ಎಂದು ನಿಲ್ಲಿಸಿದಳು.

ಜಂಟಿ ವರಸೆ ನುಡಿಸಿದೆ. ಮೊದಲು ನಿಧಾನಕ್ಕೆ, ಆಮೇಲೆ ಒಂದು ಕಾಲ ಮೇಲಕ್ಕೆ, ಇಮ್ಮಡಿ ವೇಗದಲ್ಲಿ. ಎರಡನೆಯ ಕಾಲದಲ್ಲಿ ಕಿರುಬೆರಳು ತಾನಾಗಿ ಎದ್ದು ತನ್ನ ಜಾಗಕ್ಕೆ ಬಿತ್ತು. ನಾನು ಬೆಚ್ಚಿಬಿದ್ದು ತಾಳ ತಪ್ಪಿದೆ.

ಏಪ್ರಿಲಿನಲ್ಲಿ ಡಾಕ್ಟರು ಕಣ್ಣಿನ ಒತ್ತಡ ಇಳಿದಿದೆ, ಇನ್ನು ಓಡಾಡಬಹುದು ಎಂದರು. ಅವಳು ಮೊದಲು ಹೋಗಬೇಕೆಂದದ್ದು ಕಳಸದ ಹತ್ತಿರದ ಒಂದು ಹಳ್ಳಿಗೆ. ಅಲ್ಲೊಬ್ಬರು ಸೂಲಗಿತ್ತಿ ಅಜ್ಜಿ. ಇವಳು ಹೊಸದಾಗಿ ಆ ಕಡೆಗೆ ಬಂದಾಗ ಕೆಲಸ ನಿಜವಾಗಿ ಕಲಿಸಿದವರು ಅವರೇ. ಇಪ್ಪತ್ತು ವರ್ಷ ಇಬ್ಬರೂ ಜೊತೆಗೆ ಮನೆಮನೆ ತಿರುಗಿದ್ದಾರೆ. ಈಗ ಅಜ್ಜಿಗೆ ಎಂಬತ್ತು ದಾಟಿದೆ. ನಡೆದಾಡುವುದು ಅಷ್ಟಕ್ಕಷ್ಟೆ.

ಹೊರಡುವಾಗ ನೋಡಿದರೆ ಪಿಟೀಲಿನ ಪೆಟ್ಟಿಗೆ ಆಗಲೇ ಹಿಂದಿನ ಸೀಟಿನಲ್ಲಿತ್ತು. "ಇದ್ಯಾಕೆ?" ಎಂದೆ. "ಇರ್ಲಿ," ಎಂದಳು.

ಕೊಟ್ಟಿಗೆಹಾರ ದಾಟಿ ಕಳಸದ ರಸ್ತೆಗೆ ತಿರುಗಿದೆವು. ಹಿಂದಿನ ವಾರ ಮಳೆ ಬಿದ್ದು ಕಾಫಿ ಹೂ ಬಿಟ್ಟಿತ್ತು. ಕಿಟಕಿ ಇಳಿಸಿ ಕೂತಿದ್ದಳು. ಸುಮಾರು ಅರ್ಧ ದಾರಿಯಲ್ಲಿ, ಒಂದು ಕಡೆ ಗುಡ್ಡ ಕಡಿದ ದರೆ, ಇನ್ನೊಂದು ಕಡೆ ಇಳಿಜಾರು ಇರುವ ತಿರುವಿನಲ್ಲಿ, ಎದುರಿಗೆ ಬಸ್ಸು ಬಂತು. ಬಸ್ಸಿನ ಹಿಂದೆ ಎರಡು ಜೀಪು. ಅವರು ಹಿಂದೆ ಹೋಗುವಂತಿರಲಿಲ್ಲ. ನಾನೇ ಹೋಗಬೇಕು, ತಿರುವಿನಲ್ಲಿ, ಏರಿನಲ್ಲಿ, ರಿವರ್ಸ್. ಕಣದ ನಾಲ್ಕು ಕಲ್ಲಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಕಂಡಕ್ಟರು ಇಳಿದು, "ಬರ್ಲಿ ಬರ್ಲಿ" ಎಂದು ಕೂಗಲು ಶುರುಮಾಡಿದ. ಕ್ಲಚ್ ಒತ್ತಿ ರಿವರ್ಸ್ ಹಾಕಿದೆ, ಬಿಡಲು ಧೈರ್ಯ ಬರಲಿಲ್ಲ. ಅವಳು ಬೆಲ್ಟು ಬಿಚ್ಚಿದಳು.

"ಎಲ್ಲಿಗೆ?"

"ಹಿಂದೆ ನಿಲ್ತೀನಿ. ಎಡಗಡೆ ಅಂಚು ನನಗೆ ಕಾಲಲ್ಲಿ ಗೊತ್ತಾಗತ್ತೆ. ನಾನು ಡಿಕ್ಕಿ ಮೇಲೆ ಒಂದ್ಸಲ ತಟ್ಟಿದ್ರೆ ಬರ್ಬಹುದು. ಎರಡು ಸಲ ತಟ್ಟಿದ್ರೆ ನಿಲ್ಲಿಸಿ."

ಬೇಡ ಎನ್ನುವಷ್ಟರಲ್ಲಿ ಇಳಿದು ಹೋಗಿದ್ದಳು. ಕನ್ನಡಿಯಲ್ಲಿ ಕಂಡಳು: ಕುತ್ತಿಗೆ ಪೂರ್ತಿ ತಿರುಗಿಸಿ ಅಂಚು ನೋಡಿ, ಚಪ್ಪಲಿಯಿಂದ ಡಾಂಬರಿನ ತುದಿ ಮುಟ್ಟಿ, ಕಾರಿನ ಬೆನ್ನಿನ ಮೇಲೆ ಕೈಯಿಟ್ಟಳು. ಒಂದು ತಟ್ಟು. ಕ್ಲಚ್ ಅರ್ಧ ಬಿಟ್ಟೆ. ಕಾರು ಅವಳ ಕೈಯೊಂದಿಗೇ ಹಿಂದೆ ಸರಿಯಿತು. ಒಂದು ತಟ್ಟು. ಇನ್ನೊಂದು. ಕಂಡಕ್ಟರ ಕೂಗು ನನಗೆ ಕೇಳಿಸುವುದೇ ನಿಂತುಹೋಯಿತು. ತಿರುವಿನ ಆಚೆ ಒಂದು ತೋಟದ ಗೇಟಿನ ಮುಂದೆ ಅಗಲ ಜಾಗವಿತ್ತು. ಅಲ್ಲಿ ಎರಡು ತಟ್ಟು ಬಿತ್ತು. ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ.

ಬಸ್ಸು ಪಕ್ಕದಲ್ಲೇ ಹಾದುಹೋಯಿತು. ಡ್ರೈವರು ಕಿಟಕಿಯಿಂದ ಬಗ್ಗಿ, "ಸಿಸ್ಟರಮ್ಮ ಅಲ್ವಾ? ಹುಷಾರಾದ್ರಾ?" ಎಂದ. ಅವಳು ಕೈ ಬೀಸಿದಳು, ಬಸ್ಸು ಹೋದ ಮೇಲೆ ಕೂಡ ಸ್ವಲ್ಪ ಹೊತ್ತು. ಬಂದು ಕೂತಾಗ ಉಸಿರು ಏರಿತ್ತು, ಕೆನ್ನೆ ಕೆಂಪಾಗಿತ್ತು. ಇಷ್ಟು ತಿಂಗಳಲ್ಲಿ ಅವಳ ಮುಖ ಹಾಗೆ ಇದ್ದದ್ದನ್ನು ನಾನು ನೋಡಿರಲಿಲ್ಲ.

ಅಜ್ಜಿ ಜಗಲಿಯ ಮೇಲೆ ಕೂತಿದ್ದರು. ನನ್ನ ಹೆಂಡತಿಯ ಎರಡೂ ಕೆನ್ನೆ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, ಕಣ್ಣೊಳಗೆ ನೋಡಿದರು. "ಎಷ್ಟು ಕಾಣ್ತದೆ?" ಎಂದರು.

"ನಿಮ್ಮ ಮುಖದಷ್ಟು ಕಾಣತ್ತೆ ಅಜ್ಜಿ."

"ಸಾಕು ಬಿಡು," ಎಂದರು ಅಜ್ಜಿ.

ಸೊಸೆ ಕಾಫಿ ಕೊಟ್ಟರು. ಕಾಫಿ ಮುಗಿಯುತ್ತಿದ್ದ ಹಾಗೆ ನನ್ನ ಹೆಂಡತಿ ನನಗೆ ಪೆಟ್ಟಿಗೆ ತರಲು ಹೇಳಿದಳು. ಮೂರು ಜನ ಹೆಂಗಸರ ಮುಂದೆ, ಜಗಲಿಯ ಬೆಂಚಿನ ಮೇಲೆ ಕೂತು ನುಡಿಸಿದೆ. ಮೋಹನದಲ್ಲಿ ಎರಡು ಕಡೆ ಜಾರಿದೆ. ಅಜ್ಜಿಗೆ ಕಿವಿ ಚುರುಕು. ಮುಗಿದ ಮೇಲೆ ಸ್ವಲ್ಪ ಯೋಚಿಸಿ, "ನಡು ನಡುವೆ ಎಡವ್ತಾರೆ. ಆದ್ರೂ ಎದ್ದು ನಡೀತಾರೆ," ಎಂದು ಇವಳಿಗೆ ಹೇಳಿದರು, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. ಎಲ್ಲರಿಗಿಂತ ಹೆಚ್ಚು ನಾನೇ ನಕ್ಕೆ.

ಹೊರಡಲು ಎದ್ದಾಗ ಅಜ್ಜಿ, "ಈ ಕಾರಲ್ಲಿ ಕೂತು ಎಷ್ಟು ದಿನ ಆಯ್ತೇ," ಎಂದರು. ಅಷ್ಟು ಸಾಕಿತ್ತು. ಸೊಸೆಯೂ ನಾನೂ ಹಿಡಿದು ಕರೆತಂದು ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆವು. ಕಾಲು ಚಾಚಲು ಅವರಿಗೆ ಅಲ್ಲೇ ಜಾಗ. ನನ್ನ ಹೆಂಡತಿ ಹಿಂದೆ ಹತ್ತಿದಳು, ಪಿಟೀಲಿನ ಪೆಟ್ಟಿಗೆಯ ಪಕ್ಕ. ಹೆರಿಗೆ ಮಾಡಿಸಿದ್ದು ಬಿಟ್ಟರೆ ಆ ಕಾರಿನ ಹಿಂದಿನ ಸೀಟಿನಲ್ಲಿ ಅವಳು ಕೂತದ್ದು ಅದೇ ಮೊದಲಿರಬೇಕು.

ಕಳಸದ ಹತ್ತಿರ ಹೊಳೆ ದಾಟುವ ಸೇತುವೆಯ ತನಕ ಹೋದೆವು. ದಾರಿಯುದ್ದಕ್ಕೂ ಅಜ್ಜಿ ಮನೆಗಳನ್ನು ತೋರಿಸುತ್ತಿದ್ದರು. ಈ ಮನೆಯಲ್ಲಿ ಅವಳಿ ಹುಟ್ಟಿದ್ದು, ಆ ಮನೆಯವಳು ಬಸ್ಸಿನಲ್ಲೇ ಹೆತ್ತದ್ದು, ಅಗೋ ಅಲ್ಲಿ ಅಂಗಡಿ ಇಟ್ಟಿದ್ದಾನಲ್ಲ, ಅವನು ಕಾಲು ಮುಂದಾಗಿ ಬಂದವನು. ನಾನು ಹೂಂಗುಡುತ್ತ ಓಡಿಸಿದೆ. ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿದೆ. ಅಜ್ಜಿ ಹೊಳೆಯ ನೀರು ನೋಡಿದರು. ವಾಪಸ್ ತಿರುಗಿಸಿಕೊಂಡೆ. ಇಳಿಜಾರಿನಲ್ಲಿ ಎರಡಕ್ಕೆ ಹಾಕಿದೆ, ಬಯಲಿನಲ್ಲಿ ಮೂರಕ್ಕೆ. ಅಡ್ಡ ಬಂದ ದನ ದಾಟಿದ ಮೇಲೆ ಮತ್ತೆ ಹೊರಟೆ.

ಅಜ್ಜಿಯ ಮನೆಯ ಮುಂದೆ ಇಂಜಿನ್ ಆರಿಸಿದಾಗ ಹೊಳೆಯಿತು, ಹಿಂದಿನಿಂದ ಇಷ್ಟು ಹೊತ್ತೂ ಒಂದು ಮಾತು ಬಂದಿರಲಿಲ್ಲ. ಗೇರು ಎಂದಿರಲಿಲ್ಲ, ನಿಧಾನ ಎಂದಿರಲಿಲ್ಲ. ತಿರುಗಿ ನೋಡಿದೆ. ಪೆಟ್ಟಿಗೆಯ ಮೇಲೆ ಒಂದು ಕೈ ಹಾಕಿಕೊಂಡು, ಕಿಟಕಿಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದುಕೊಂಡು ಅವಳು ಗಾಢವಾಗಿ ನಿದ್ದೆ ಹೋಗಿದ್ದಳು.

"ಎಬ್ಬಿಸ್ಬೇಡಿ," ಎಂದರು ಅಜ್ಜಿ, ಪಿಸುದನಿಯಲ್ಲಿ. "ನಂಗೇನೂ ಅವಸರ ಇಲ್ಲ."

ನನಗೂ ಇರಲಿಲ್ಲ. ಇಬ್ಬರೂ ಮುಂದಿನ ಸೀಟಿನಲ್ಲಿ ಸುಮ್ಮನೆ ಕೂತೆವು.